ಮೊದಲ ಎರಡು ಸೆಕೆಂಡು

ಬಿಸಿಯಾದ ಮೇಲೆ ಯಾವ ಎಂಜಿನ್ನೂ ನಿಜ ಹೇಳುವುದಿಲ್ಲ.
ಸುಲಭಾ ತಾಂಡೇಲರು ಮೂರು ಸಲ ಬಂದರು,
ಆಸ್ಪತ್ರೆಯ ಪಾಳಿ ಮುಗಿಸಿ, ಬಿಳಿ ಸಮವಸ್ತ್ರದಲ್ಲೇ.
"ಬೆಳಿಗ್ಗೆ ಕಟಕಟ ಅಂತದೆ ಪಾಸ್ಕೋಲರೇ, ಒಂದೇ ಗಳಿಗೆ,
ಡಬ್ಬದಲ್ಲಿ ಚಿಪ್ಪಿ ಹಾಕಿ ಅಲ್ಲಾಡಿಸಿದ ಹಾಗೆ."
ಮೂರು ಸಲವೂ ಕಾರು ನನ್ನೆದುರು
ಹೊಸ ಅಳಿಯನ ಹಾಗೆ ಸಭ್ಯವಾಗಿ ನಿಂತಿತು.

ರಾತ್ರಿ ಇಲ್ಲೇ ಬಿಟ್ಟುಹೋಗಿ ಅಂದೆ.
ಎಣ್ಣೆಯೆಲ್ಲ ಇಳಿದು ತಳ ಸೇರಲಿ.

ಐದೂವರೆ. ಕೋಡಿಬಾಗದಲ್ಲಿ ಇನ್ನೂ ಕತ್ತಲು.
ಅಳಿವೆಯ ಕಡೆ ದೋಣಿ ಹೊರಟ ಸದ್ದಿದೆ,
ಇಜಾಜ್ ಹೇಳಿದ.
ನನಗೆ ಕೇಳುವುದು ದಪ್ಪ ಸದ್ದು ಮಾತ್ರ.
ಬೈತಖೋಲದ ಟ್ರಾಲರುಗಳ ಹೊಟ್ಟೆಯಲ್ಲಿ
ಇಪ್ಪತ್ತಾರು ವರ್ಷ ಬಗ್ಗಿ ಕೂತ ಕಿವಿ ಇದು;
ಸಣ್ಣದನ್ನೆಲ್ಲ ಆ ಡೀಸೆಲ್ಲುಗಳು ತಿಂದುಹೋದವು,
ಹಕ್ಕಿ, ಕುಕ್ಕರಿನ ಸೀಟಿ, ಹೆಂಡತಿ ಮೆಲ್ಲಗೆ ಬೈದದ್ದು.
ಗಿರಾಕಿಗಳಿಗೆ ಇದು ಗೊತ್ತಿಲ್ಲ.

ಇಜಾಜ್ ಕೀಲಿ ತಿರುಗಿಸಿದ.
ತಾಂಡೇಲರು ಬೆರಳೆತ್ತಿದರು: "ಕೇಳಿತಾ?"
ನಾನು ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಮುಚ್ಚಳಕ್ಕಿಟ್ಟು
ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿದ್ದೆ.
ದವಡೆಯೊಳಗೆ ಬಂತು ಟಕಟಕಟಕ,
ಆಮೇಲೆ ಏನೂ ಇಲ್ಲ.

ಕ್ಯಾಮಿನ ತಲೆಯಲ್ಲೊಂದು ಗೇರು, ಅದರೊಳಗೆ ನಾಲ್ಕು ರೆಕ್ಕೆ.
ಈ ಬದಿಗೆ ಎಣ್ಣೆ ನುಗ್ಗಿದರೆ ವಾಲ್ವು ಬೇಗ ಕಣ್ಣು ಬಿಡುತ್ತದೆ,
ಆ ಬದಿಗಾದರೆ ತಡವಾಗಿ.
ಘಟ್ಟ ಹತ್ತುವಾಗ ಅದಕ್ಕೊಂದು ಹೊತ್ತು,
ಟೋಲಿನಲ್ಲಿ ಸಾಲು ನಿಂತಾಗ ಇನ್ನೊಂದು.
ಅಳಿವೆ ದಾಟುವ ತಾಂಡೇಲನೂ ಗಡಿಯಾರ ನೋಡುವುದಿಲ್ಲ,
ಭರತ ಎಷ್ಟು ಬಂತೆಂದು ನೀರನ್ನೇ ಕೇಳುತ್ತಾನೆ.
ಎಣ್ಣೆ ಮೇಲೆ ಬರುವ ತನಕ
ರೆಕ್ಕೆಯನ್ನು ಹಿಡಿದು ನಿಲ್ಲಿಸಲು ಒಂದು ಪಿನ್ನು,
ಕಡಲೆಕಾಳಿನಷ್ಟು.
ಅದು ಸವೆದಿದೆ.

ಎಣ್ಣೆಯ ದಾರಿ ತಿರುಗಿಸುವ ಸೊಲೆನಾಯ್ಡು ಬಿಚ್ಚಿದೆ.
ಉಪ್ಪುಗಾಳಿಗೆ ಕನೆಕ್ಟರಿನ ಕಾಲು ಹಸಿರುಗಟ್ಟಿತ್ತು.
ಜಾಲರಿ, ಸೊಳ್ಳೆಪರದೆಗಿಂತ ಸಣ್ಣ ಕಣ್ಣಿನದು,
ಕಾಕಂಬಿಯಂಥ ಕಪ್ಪಿನಲ್ಲಿ ಮುಚ್ಚಿಹೋಗಿತ್ತು.
ಯಾವ ಬೇವಾರ್ಸಿ ಹೊಯ್ದ ಈ ದಪ್ಪ ಎಣ್ಣೆ
ಅನ್ನುತ್ತ ಬಾನೆಟ್ಟಿನ ಅಡಿಗೆ ಟಾರ್ಚು ಹಿಡಿದೆ.
ಚೀಟಿ ಇತ್ತು. ತಾರೀಖು. ಕಿಲೋಮೀಟರು.
ಏಳರ ಅಂಕಿಯ ಸೊಂಟಕ್ಕೆ ಅಡ್ಡಗೆರೆ.
ಹಾಗೆ ಏಳು ಬರೆಯುವವನು ಈ ರಸ್ತೆಯಲ್ಲಿ
ನಾನೊಬ್ಬನೇ.

ದೋಣಿಗೆ ತಂದದ್ದು ಮಿಕ್ಕಿತ್ತು ಆಗ.
ಎಣ್ಣೆ ಎಂದರೆ ಎಣ್ಣೆ, ಅಂದುಕೊಂಡಿದ್ದೆ.

ಮೂರನೆಯ ದಿನ ಹುಬ್ಬಳ್ಳಿಯ ಬಸ್ಸಿನಲ್ಲಿ ಹೊಸ ಗೇರು ಬಂತು,
ಹದಿಮೂರು ಸಾವಿರದ ಆರುನೂರು.
ಇಜಾಜ್ ಚೈನಿನ ಕೊಂಡಿಗಳಿಗೆ ಬಿಳಿ ಬಣ್ಣ ಹಚ್ಚಿದ.
ಒಂದು ಹಲ್ಲು ಆಚೀಚೆಯಾದರೂ ಕೆಲಸ ಕೆಡುತ್ತದೆ,
ಇನ್ನೂ ಜಾರಿದರೆ ಪಿಸ್ಟನ್ನು ಹೋಗಿ ವಾಲ್ವಿಗೆ ಗುದ್ದುತ್ತದೆ.
ಪಾನಾ ಹಾಕಿ ಕೈಯಿಂದಲೇ ಎರಡು ಸುತ್ತು ತಿರುಗಿಸಿದೆ,
ಎಲ್ಲಾದರೂ ತಡೆಯುತ್ತದೋ ಎಂದು ಮಣಿಕಟ್ಟಿನಲ್ಲಿ ಕೇಳುತ್ತ.
ಗುರುತಿಗೆ ಗುರುತು ಬಂತು.
ಇಜಾಜ್ ಅದುವರೆಗೆ ಉಸಿರಾಡಿರಲಿಲ್ಲ ಅಂತ ಕಾಣುತ್ತದೆ.
ತೆಳು ಎಣ್ಣೆ, ಎಳನೀರಿನಂಥದು, ಮೂರೂವರೆ ಲೀಟರು.

ಸಂಜೆ ಬಿಲ್ಲು ಬರೆದೆ. ಕೂಲಿಯ ಸಾಲು ಖಾಲಿ ಬಿಟ್ಟೆ.
ಇದು ಯಾಕೆ, ಅಂದರು.
ಚೀಟಿ ಕಿತ್ತು ಕೈಗೆ ಕೊಟ್ಟೆ. ನನ್ನ ಎಣ್ಣೆ, ಅಂದೆ.
ಅವರು ಕನ್ನಡಕ ಹುಡುಕಿ, ಹಾಕಿ, ನಿಧಾನ ಓದಿದರು.
"ಹತ್ತು ಸಾವಿರಕ್ಕೆ ಬನ್ನಿ ಅಂತಲೂ ಬರೆದಿದ್ದೀರಿ.
ನಾನು ಇಪ್ಪತ್ತೆಂಟಕ್ಕೆ ಬಂದೆ."
ಪೆನ್ನು ಇಸಿದುಕೊಂಡು
ಖಾಲಿ ಸಾಲಿನಲ್ಲಿ ಅರ್ಧ ಕೂಲಿ ತಾವೇ ಬರೆದರು.

ಮರುದಿನ ಆರಕ್ಕೆ ಫೋನು. ಇಜಾಜ್ ಎತ್ತಿಕೊಂಡ.
ಆಮೇಲೆ ನನ್ನ ಮುಖಕ್ಕೆ ನೇರ ಬಂದು ನಿಂತು,
ತುಟಿ ಅಗಲಿಸಿ, ಒಂದೊಂದೇ ಮಾತಾಗಿ ಹೇಳಿದ:
ಸದ್ದು ಹೋಗಿದೆಯಂತೆ.
ಅವನಿಗೆ ಯಾವಾಗಿಂದ ಗೊತ್ತೋ.
ಹೌದಾ, ಅಂದೆ. ಸ್ಕ್ರೂಡ್ರೈವರು ಒರೆಸುತ್ತ
ಹಿಡಿಯ ಮೇಲೆ ಮೂಡಿದ ಹಲ್ಲಿನ ಗುರುತನ್ನು
ಹೆಬ್ಬೆರಳಿನಿಂದ ತಡವಿದೆ.